ಅರಸರ ನಾಡಿನಲ್ಲಿ ಹಳೆಯ ಹತಾರುಗಳ ಹುಡುಕಾಟ

'ದೇಶ ಸುತ್ತಿ ನೋಡು, ಕೋಶ ಓದಿ ನೋಡು' ಎಂಬುದು ನಮ್ಮ ಹಿರಿಯರ ನಾಣ್ಣುಡಿ. ಇಂದು ದೇಶ ಸುತ್ತುವವರ ಸಂಖ್ಯೆಗೆ ಕೊರತೆಯಿಲ್ಲ. ರಜೆ ಬಂದಿತೆಂದರೆ ಕುಟುಂಬ ಸಮೇತರಾಗಿ ಹೊರಡುವ ಪರಿಪಾಠ ಮನೆಮನೆಗೂ ಬಂದಿದೆ. ಆದರೆ ಸುತ್ತಿದ ಮೇಲೆ ನೋಡಿದ್ದೇನು ಎಂದು ಕೇಳಿದರೆ ಜಲಪಾತ, ಉದ್ಯಾನ, ಅರಮನೆ ಎಂದಿಷ್ಟೇ ಉತ್ತರ ಬರುತ್ತದೆ. ಒಂದು ನಾಡನ್ನು ಕಟ್ಟಿದ ಕೈಗಳು ಯಾವುವು, ಆ ಕೈಗಳಲ್ಲಿದ್ದ ಹತಾರುಗಳು ಯಾವುವು ಎಂಬ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಏಳುವುದು ವಿರಳ. ಈ ದೃಷ್ಟಿಯನ್ನಿಟ್ಟುಕೊಂಡು ಕೊಡಗು ಜಿಲ್ಲೆಯನ್ನು ಸುತ್ತಿದರೆ ದೊರೆಯುವ ಅನುಭವ ಬೇರೆಯೇ ಆದದ್ದು. ಅದನ್ನು ಸಹೃದಯ ಓದುಗರೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಕೊಡಗು ನಮ್ಮ ಸಮಾಜದವರಿಗೆ ಪರಕೀಯ ನಾಡಲ್ಲ. ಹದಿನೇಳನೆಯ ಶತಮಾನದಿಂದ ೧೮೩೪ರವರೆಗೆ ಆ ನಾಡನ್ನು ಆಳಿದ ಹಾಲೇರಿ ಅರಸರು ಲಿಂಗಾಯತರು. ಇಕ್ಕೇರಿಯ ನಾಯಕರ ಸಂಬಂಧಿಗಳು. ವಿರಾಜಪೇಟೆಯ ಬಳಿಯ ಅರಮೇರಿ ಕಳಂಚೇರಿ ಮಠ, ಕೊಡ್ಲಿಪೇಟೆಯ ಬಳಿಯ ಕಿರಿಕೊಡ್ಲಿ ಮಠ ಇಂದಿಗೂ ಭಕ್ತರಿಗೆ ಆಶ್ರಯವಾಗಿವೆ. ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆಗಳ ಸುತ್ತಮುತ್ತ ನಮ್ಮವರ ಒಕ್ಕಲು ಮನೆಗಳು ಬಹಳ. ಆದುದರಿಂದ ಅಲ್ಲಿಗೆ ಹೋಗುವುದು ಬಂಧುಗಳ ಮನೆಗೆ ಹೋದಂತೆಯೇ ಸರಿ.

ಮಡಿಕೇರಿಯ ಕೋಟೆ

ಕೊಡಗಿಗೆ ರೈಲುಮಾರ್ಗವಿಲ್ಲ. ಮೈಸೂರಿನಿಂದ ಸುಮಾರು ೧೨೦ ಕಿಲೋಮೀಟರು ರಸ್ತೆಯಲ್ಲಿ ಸಾಗಿ, ಕುಶಾಲನಗರವನ್ನು ದಾಟಿ, ಕಾಫಿ ತೋಟಗಳ ನಡುವಿನ ತಿರುವುಗಳನ್ನು ಏರಿದರೆ ಮಡಿಕೇರಿ ಸಿಗುತ್ತದೆ. ಹಾಲೇರಿಯಲ್ಲಿದ್ದ ರಾಜಧಾನಿಯನ್ನು ಮುದ್ದುರಾಜನು ೧೬೮೧ರಲ್ಲಿ ಇಲ್ಲಿಗೆ ತಂದನು. 'ಮುದ್ದುರಾಜನ ಕೇರಿ' ಎಂಬುದೇ ಮಡಿಕೇರಿಯಾಯಿತೆಂದು ಹೇಳುತ್ತಾರೆ. ಅವನು ಕಟ್ಟಿಸಿದ ಮಣ್ಣಿನ ಕೋಟೆಯನ್ನು ಟಿಪ್ಪು ಸುಲ್ತಾನನು ಕಲ್ಲಿನಿಂದ ಬಲಪಡಿಸಿದನು. ದೊಡ್ಡವೀರರಾಜೇಂದ್ರನು ೧೭೯೦ರಲ್ಲಿ ಅದನ್ನು ಮರಳಿ ವಶಪಡಿಸಿಕೊಂಡನು. ಈಗ ಕಾಣುವ ಅರಮನೆಯು ಲಿಂಗರಾಜೇಂದ್ರನ ಕಾಲದ್ದು. ೧೮೧೨ರಿಂದ ೧೮೧೪ರ ಅವಧಿಯಲ್ಲಿ ಕಟ್ಟಿದ್ದು. ಬಹುಕಾಲ ಅಲ್ಲಿ ಸರ್ಕಾರಿ ಕಚೇರಿಗಳು ನಡೆದವು. ಅಂಗಳದ ಮೂಲೆಯಲ್ಲಿ ಗಾರೆಯಿಂದ ಮಾಡಿದ ಎರಡು ಆಳೆತ್ತರದ ಆನೆಗಳಿವೆ. ಮಕ್ಕಳು ಅವುಗಳ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳದೆ ಹೊರಡುವುದಿಲ್ಲ.

ಕೋಟೆಯೊಳಗಿನ ಹಳೆಯ ಇಗರ್ಜಿಯೊಂದು ಈಗ ಸರ್ಕಾರಿ ವಸ್ತುಸಂಗ್ರಹಾಲಯವಾಗಿದೆ. ಬಣ್ಣದ ಗಾಜಿನ ಕಿಟಕಿಗಳ ಕೆಳಗೆ ಜೈನ ಶಿಲ್ಪಗಳು, ವೀರಗಲ್ಲುಗಳು, ಕತ್ತಿ ಕೋವಿಗಳು ಸಾಲಾಗಿ ನಿಂತಿವೆ. ಇಲ್ಲಿ ಒಂದು ಗಳಿಗೆ ನಿಂತು ಗಮನಿಸಬೇಕಾದ ಸಂಗತಿಯಿದೆ. ಯುದ್ಧದ ಆಯುಧಗಳಿಗೆ ಗಾಜಿನ ಪೆಟ್ಟಿಗೆ ಸಿಕ್ಕುತ್ತದೆ. ಅವುಗಳನ್ನು ಮಾಡಿದ ಸುತ್ತಿಗೆ, ಇಕ್ಕಳ, ತಿದಿಗಳಿಗೆ ಸಿಕ್ಕುವುದಿಲ್ಲ. ಇದು ಮಡಿಕೇರಿಯ ಸಂಗ್ರಹಾಲಯ ಒಂದರ ಮಾತಲ್ಲ. ಹೆಚ್ಚಿನ ಸಂಗ್ರಹಾಲಯಗಳ ರೀತಿಯೇ ಹಾಗೆ.

ಕೋಟೆಯಿಂದ ಸ್ವಲ್ಪ ದೂರದಲ್ಲಿ ಓಂಕಾರೇಶ್ವರ ದೇವಾಲಯವಿದೆ. ೧೮೨೦ರಲ್ಲಿ ಲಿಂಗರಾಜೇಂದ್ರನು ಕಟ್ಟಿಸಿದ ಈ ಗುಡಿಯ ಮೇಲೆ ಗುಮ್ಮಟವೂ ನಾಲ್ಕು ಮೂಲೆಗಳಲ್ಲಿ ಮಿನಾರುಗಳೂ ಇದ್ದು, ಎದುರಿಗೆ ನಡುವೆ ಮಂಟಪವುಳ್ಳ ಪುಷ್ಕರಣಿ ಇದೆ. ಊರಿನ ಇನ್ನೊಂದು ಬದಿಯ ಎತ್ತರದ ನೆಲದಲ್ಲಿರುವ ಗದ್ದಿಗೆಗಳು ಇದೇ ಶೈಲಿಯವು. ೧೮೦೯ರಲ್ಲಿ ಲಿಂಗೈಕ್ಯನಾದ ದೊಡ್ಡವೀರರಾಜೇಂದ್ರ ಮತ್ತು ಅವನ ರಾಣಿಯ ಗದ್ದಿಗೆ, ಲಿಂಗರಾಜೇಂದ್ರನ ಗದ್ದಿಗೆ, ಸಮೀಪದಲ್ಲಿಯೇ ರಾಜಗುರು ರುದ್ರಪ್ಪನವರ ಗದ್ದಿಗೆ. ಗುಮ್ಮಟ, ಮೂಲೆಗಳ ನಂದಿ, ಕಿಟಕಿಗಳ ಹಿತ್ತಾಳೆ ಸರಳು ಎಲ್ಲವೂ ನೋಡತಕ್ಕವು. ಪೂರ್ವಜರ ಸ್ಮರಣೆಗೆಂದು ಹೋದವರು ಶಿರಬಾಗಿದ ಮೇಲೆ ಆ ಸರಳುಗಳ ನುಣುಪನ್ನೂ ಕಲ್ಲಿನ ಕೆತ್ತನೆಯನ್ನೂ ಒಮ್ಮೆ ಕೈಯಿಂದ ಮುಟ್ಟಿ ನೋಡಲಿ. ಅರಸನ ಹೆಸರು ಉಳಿದಿದೆ, ಗುರುವಿನ ಹೆಸರು ಉಳಿದಿದೆ. ಅರ ಹಿಡಿದು ಉಜ್ಜಿದವನ, ಉಳಿ ಹಿಡಿದು ಕೆತ್ತಿದವನ ಹೆಸರನ್ನು ಓದುವುದಕ್ಕೆ ಅಲ್ಲಿ ಫಲಕವಿಲ್ಲ. ಅವರ ಗುರುತು ಉಳಿದಿರುವುದು ಕೆಲಸದಲ್ಲಿ ಮಾತ್ರ.

ಹತಾರಿಗೂ ಒಂದು ಹಬ್ಬ

ಕೊಡಗಿನಲ್ಲಿ ಕತ್ತಿಗೆ ಇರುವ ಗೌರವ ಬೇರೆಡೆ ಕಾಣಸಿಗುವುದು ಅಪರೂಪ. ಕೊಡವರ ಮದುವೆಯಲ್ಲಿ ವರನ ಸೊಂಟದಲ್ಲಿ ಬೆಳ್ಳಿ ಅಥವಾ ಬಂಗಾರದ ಕುಸುರಿಯುಳ್ಳ ಒರೆಯಲ್ಲಿ ಪೀಚೆಕತ್ತಿ ಇರುತ್ತದೆ. ಬಾಳೆದಿಂಡುಗಳನ್ನು ನೆಟ್ಟು ಒಂದೇ ಏಟಿಗೆ ಕಡಿಯುವ ವಿಧಿಗೆ ಬಳಸುವುದು ಒಡಿಕತ್ತಿ. ಒಡಿಕತ್ತಿಯ ಅಲಗು ಅಗಲವಾದದ್ದು, ಮುಂದಕ್ಕೆ ಬಾಗಿದ್ದು. ಒಳಬಾಗಿನ ಕಡೆ ಹರಿತ, ತುದಿಯ ಕಡೆ ತೂಕ ಹೆಚ್ಚು. ಹೀಗಿರುವುದರಿಂದ ಬೀಸಿದಾಗ ತೂಕವೇ ಅರ್ಧ ಕೆಲಸವನ್ನು ಮಾಡಿಬಿಡುತ್ತದೆ. ಒರೆಯಿಲ್ಲದೆ ಬೆನ್ನ ಹಿಂದೆ, 'ತೊಡಂಗ್' ಎಂಬ ಹಿತ್ತಾಳೆಯ ಹಿಡಿಕೆಯಲ್ಲಿ ಅದನ್ನು ಸಿಕ್ಕಿಸಿಕೊಳ್ಳುತ್ತಾರೆ. ಕಾಡನ್ನು ಸವರಿ ಗದ್ದೆ ಮಾಡಿಕೊಂಡ ನಾಡಿನಲ್ಲಿ ಪೊದೆ ಕಡಿಯುವ ಕತ್ತಿಗೂ ಕಾದಾಟದ ಕತ್ತಿಗೂ ಇರುವ ಅಂತರ ಬಹಳ ಕಡಿಮೆ ಎಂಬುದು ಅದರ ಆಕಾರವನ್ನು ನೋಡಿದೊಡನೆ ತಿಳಿಯುತ್ತದೆ.

ಸೆಪ್ಟೆಂಬರ್ ತಿಂಗಳ ಆರಂಭದಲ್ಲಿ, ನಾಟಿಯ ಕೆಲಸ ಮುಗಿದ ಮೇಲೆ ಬರುವ ಹಬ್ಬ ಕೈಲುಪೊಳ್ದು. ಇದನ್ನು ಕೈಲುಮುಹೂರ್ತ ಎಂದೂ ಕರೆಯುತ್ತಾರೆ. ಮಳೆಗಾಲವಿಡೀ ಗದ್ದೆಯಲ್ಲಿ ದುಡಿದ ನೇಗಿಲು ನೊಗಗಳನ್ನು ತೊಳೆದು ಗಂಧ ಹಚ್ಚುತ್ತಾರೆ. ಎತ್ತುಗಳಿಗೆ ಮೈ ತೊಳೆಯುತ್ತಾರೆ. ಅಲ್ಲಿಯವರೆಗೆ ವಿಶ್ರಾಂತಿಯಲ್ಲಿದ್ದ ಕೋವಿ ಕತ್ತಿಗಳನ್ನು ಐನ್‌ಮನೆಯಲ್ಲಿ ದೀಪದ ಮುಂದೆ ಇಟ್ಟು, ತೋಕ್‌ಪೂ ಎಂದು ಅಲ್ಲಿಯವರು ಕರೆಯುವ ಗೌರಿಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಮನೆಯ ಹಿರಿಯರು ಅವನ್ನು ಕಿರಿಯರ ಕೈಗೆ ಒಪ್ಪಿಸುತ್ತಾರೆ. ಗದ್ದೆಯ ಹತಾರು ವಿಶ್ರಮಿಸುವಾಗ ಬೇಟೆಯ ಹತಾರು ಎಚ್ಚರಗೊಳ್ಳುವ ಈ ಕ್ರಮದಲ್ಲಿ ಒಂದು ವರ್ಷದ ದುಡಿಮೆಯ ಲೆಕ್ಕವೇ ಅಡಗಿದೆ. ಮುಂದೆ ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ ಪುತ್ತರಿ ಬಂದಾಗ ಕುಡುಗೋಲಿನ ಸರದಿ. ಹುಣ್ಣಿಮೆಯ ಬೆಳಕಿನಲ್ಲಿ ಹೊಸ ಬತ್ತದ ತೆನೆಯನ್ನು ಕೊಯ್ದು ಮನೆಗೆ ತರುತ್ತಾರೆ.

ನಮ್ಮ ಕಡೆಯ ಆಯುಧಪೂಜೆಯನ್ನೂ ಕಾರಹುಣ್ಣಿಮೆಯನ್ನೂ ಬಲ್ಲವರಿಗೆ ಈ ಭಾವ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರನ್ನಂತೂ ನಾವು ಅವರವರ ಕಾಯಕದ ಹೆಸರಿನಿಂದಲೇ ಗುರುತಿಸುತ್ತೇವೆ. ಹಗ್ಗ ಹೊಸೆದ ನುಲಿಯ ಚಂದಯ್ಯ, ಬುಟ್ಟಿ ಹೆಣೆದ ಮೇದಾರ ಕೇತಯ್ಯ, ಹುಟ್ಟು ಹಾಕಿದ ಅಂಬಿಗರ ಚೌಡಯ್ಯ, ನೂಲು ತೆಗೆದ ಕದಿರ ರೆಮ್ಮವ್ವೆ. ಬಡಗಿಯ ಬಾಚಿಯನ್ನೇ ಹೆಸರಿನಲ್ಲಿ ಧರಿಸಿದ ಬಾಚಿಕಾಯಕದ ಬಸವಯ್ಯನವರೂ ಆ ಸಾಲಿನಲ್ಲಿದ್ದಾರೆ. ಕಾಯಕವನ್ನು ಕೊಂಡಾಡುವ ನಾವು ಕಾಯಕದ ಹತಾರನ್ನು ಗುಜರಿಗೆ ಹಾಕುವುದು ಎಷ್ಟರಮಟ್ಟಿಗೆ ಸರಿ ಎಂಬುದು ಯೋಚಿಸತಕ್ಕ ವಿಷಯ.

ಕೊಡಗಿನಲ್ಲಿ ಈ ಹತಾರುಗಳನ್ನು ಮಾಡುತ್ತಿದ್ದವರು ಯಾರು? ಕಮ್ಮಾರಿಕೆ ಬಡಗಿತನಗಳನ್ನು ಕೈಗೊಂಡಿದ್ದ ಐರಿ ಸಮುದಾಯದವರು, ಬಿದಿರಿನ ಕೆಲಸದ ಮೇದರು. ಕೇರಳದ ಕಡೆಯಿಂದ ಬಂದು ಕೊಡವ ಭಾಷೆಯನ್ನೇ ತಮ್ಮದಾಗಿಸಿಕೊಂಡ ಐರಿಗಳ ಕುಲುಮೆಯ ಕೆಲಸವಿಲ್ಲದೆ ಯಾವ ಐನ್‌ಮನೆಯ ಕಂಬವೂ ನಿಲ್ಲುತ್ತಿರಲಿಲ್ಲ, ಯಾವ ನೇಗಿಲಿನ ಕುಳವೂ ಹರಿತವಾಗುತ್ತಿರಲಿಲ್ಲ.

ಅರಸ ಹೋದ ದಾರಿ, ಹತಾರು ಬಂದ ದಾರಿ

ಕಕ್ಕಬ್ಬೆಯ ಬಳಿ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆಯಿದೆ. ದೊಡ್ಡವೀರರಾಜೇಂದ್ರನು ೧೭೯೨ರ ಸುಮಾರಿಗೆ ಕಟ್ಟಿಸಿದ ಎರಡಂತಸ್ತಿನ ಈ ಮನೆಯನ್ನು ಅರಮನೆ ಎನ್ನುವುದಕ್ಕಿಂತ ದೊಡ್ಡ ತೊಟ್ಟಿಮನೆ ಎನ್ನಬಹುದು. ಮರದ ಕಂಬಗಳ ಕೆತ್ತನೆ, ಗೋಡೆಯ ಚಿತ್ರಗಳು ನೋಡುವವರನ್ನು ಹಿಡಿದು ನಿಲ್ಲಿಸುತ್ತವೆ. ೧೮೩೪ರಲ್ಲಿ ಆಂಗ್ಲರ ಸೇನೆ ಕೊಡಗನ್ನು ಹೊಕ್ಕಾಗ ಕೊನೆಯ ಅರಸ ಚಿಕವೀರರಾಜೇಂದ್ರನು ಆಶ್ರಯ ಪಡೆದದ್ದು ಇಲ್ಲಿಯೇ. ಮಾಸ್ತಿಯವರ ೧೯೫೬ರ ಕಾದಂಬರಿಯನ್ನು ಓದಿದವರಿಗೆ ಈ ಅರಸನ ದುರಂತ ಪರಿಚಿತವಾದದ್ದೇ.

ಪದಚ್ಯುತನಾದ ಅರಸನನ್ನು ಕಾಶಿಗೆ ಕಳುಹಿಸಿದರು. ಅಲ್ಲಿಂದ ಅವನು ೧೮೫೨ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಪ್ರಯಾಣ ಮಾಡಿದನು. ಹನ್ನೊಂದು ವರ್ಷದ ಆ ಬಾಲಿಕೆಗೆ ಅದೇ ವರ್ಷದ ಜೂನ್ ೩೦ರಂದು ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನಿತ್ತಳು. ಕಂಪನಿಯಲ್ಲಿ ತೊಡಗಿಸಿದ್ದ ಮನೆತನದ ಹಣಕ್ಕಾಗಿ ಅರಸನು ಲಂಡನ್ನಿನ ನ್ಯಾಯಾಲಯದ ಮೆಟ್ಟಿಲು ಹತ್ತಿದನು. ೧೮೫೯ರಲ್ಲಿ ಅಲ್ಲಿಯೇ ತೀರಿಕೊಂಡನು. ಮಗಳೂ ೧೮೬೪ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ಮರಣ ಹೊಂದಿದಳು. ಇಂದು ಲಂಡನ್ನಿಗೆ ಹೋಗುವ ನಮ್ಮವರು ಥೇಮ್ಸ್ ನದಿಯ ದಡದಲ್ಲಿ ೨೦೧೫ರ ನವೆಂಬರ್ ೧೪ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯನ್ನು ಕಂಡು ಬರುತ್ತಾರೆ. ಅದೇ ನಗರದ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಹಾಲೇರಿ ವಂಶದ ಕೊನೆಯ ಅರಸನು ಮಣ್ಣಾಗಿದ್ದಾನೆಂಬುದನ್ನು ಬಲ್ಲವರು ಕಡಿಮೆ.

ಅರಸನು ಇಂಗ್ಲೆಂಡಿಗೆ ಹೋದ ಎರಡೇ ವರ್ಷಕ್ಕೆ, ೧೮೫೪ರಲ್ಲಿ, ಫೌಲರ್ ಎಂಬ ಆಂಗ್ಲರು ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟವನ್ನು ತೆರೆದರು. ತೋಟಗಳ ಹಿಂದೆಯೇ ಅಲ್ಲಿಯ ಯಂತ್ರಗಳೂ ಹತಾರುಗಳೂ ಬಂದವು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ, ಕೈಯಿಂದ ತಿರುಗಿಸುವ ಎರಕದ ಪಲ್ಪರುಗಳು ಲಂಡನ್ನಿನ ಜಾನ್ ಗಾರ್ಡನ್, ಸ್ಕಾಟ್ಲೆಂಡಿನ ಅಬರ್ಡೀನ್ ಪಟ್ಟಣದ ಮ್ಯಾಕಿನನ್ ಮೊದಲಾದ ಕಾರ್ಖಾನೆಗಳಲ್ಲಿ ತಯಾರಾಗುತ್ತಿದ್ದವು. ಗರಗಸ, ಉಳಿ, ಕೊಡಲಿಗಳಿಗೆ ಶೆಫೀಲ್ಡ್ ಪಟ್ಟಣದ ಮುದ್ರೆ ಇರುತ್ತಿತ್ತು. ಹಳೆಯ ತೋಟಗಳ ಉಗ್ರಾಣಗಳಲ್ಲಿ ಅಂಥವು ಈಗಲೂ ಅಪರೂಪಕ್ಕೆ ಕಾಣಸಿಗುತ್ತವೆ. ಅದೇ ಹೊತ್ತಿಗೆ ಕೊಡಗಿನ ಕತ್ತಿಗಳು ಎದುರು ದಿಕ್ಕಿನಲ್ಲಿ ಪ್ರಯಾಣ ಮಾಡಿದವು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಂಥ ಕಡೆಗಳಲ್ಲಿ ಪೀಚೆಕತ್ತಿಗಳು ಇಂದಿಗೂ ಇವೆ.

ಶೆಫೀಲ್ಡಿನ ಉಕ್ಕು ಎಂದರೆ ನಮ್ಮ ಅಜ್ಜಂದಿರಿಗೆ ಬಹು ಗೌರವ. ಅದಕ್ಕೂ ಮುಂಚಿನ ಸಂಗತಿಯೊಂದನ್ನು ಮಕ್ಕಳಿಗೆ ಹೇಳಬೇಕು. ಮೆದು ಕಬ್ಬಿಣವನ್ನು ಕಟ್ಟಿಗೆಯ ಚೂರು, ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸಿ ಉತ್ತಮ ಉಕ್ಕನ್ನು ತೆಗೆಯುವ ವಿದ್ಯೆ ದಕ್ಷಿಣ ಭಾರತದಲ್ಲಿ ಬಹು ಹಿಂದಿನಿಂದ ಇತ್ತು. ೧೮೦೦-೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕೆಲಸವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಆಂಗ್ಲರು ಈ ಲೋಹವನ್ನು 'ವುಟ್ಜ್' ಎಂದು ಕರೆದರು. ನಮ್ಮ 'ಉಕ್ಕು' ಎಂಬ ಮಾತೇ ಹಾಗೆ ರೂಪಾಂತರ ಹೊಂದಿತೆಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. ೧೭೯೪ರಲ್ಲಿ ಮುಂಬಯಿಯಿಂದ ಅದರ ಮಾದರಿ ಲಂಡನ್ನಿನ ರಾಯಲ್ ಸೊಸೈಟಿಗೆ ಹೋಯಿತು. ಕಮ್ಮಾರನ ಮಗನಾದ ಮಹಾವಿಜ್ಞಾನಿ ಮೈಕೆಲ್ ಫ್ಯಾರಡೆ, ಕತ್ತಿ ತಯಾರಕ ಸ್ಟೊಡಾರ್ಟನೊಡನೆ ಸೇರಿ ಅದರ ಗುಟ್ಟನ್ನು ಬಿಡಿಸಲು ವರ್ಷಗಟ್ಟಲೆ ಪ್ರಯೋಗ ನಡೆಸಿದನು. ನಮ್ಮ ಕುಲುಮೆಗಳೋ ಹತ್ತೊಂಬತ್ತನೆಯ ಶತಮಾನ ಮುಗಿಯುವಷ್ಟರಲ್ಲಿ ಬಹುತೇಕ ತಣ್ಣಗಾಗಿದ್ದವು. ವಿದ್ಯೆಯನ್ನು ಬಲ್ಲವರು ಅದನ್ನು ಬರೆದಿಡಲಿಲ್ಲ, ಬರೆದಿಟ್ಟವರು ಹೊರಗಿನವರು.

ಸಂತೆಯಲ್ಲಿ ಹುಡುಕಾಟ

ಹಳೆಯ ಹತಾರುಗಳನ್ನು ಹುಡುಕಬೇಕೆಂದರೆ ಕೊಡಗಿನ ವಾರದ ಸಂತೆಗಳಿಗೆ ಹೋಗಬೇಕು. ಸೋಮವಾರಪೇಟೆಯಲ್ಲಿ ಸೋಮವಾರ, ಕುಶಾಲನಗರದಲ್ಲಿ ಮಂಗಳವಾರ, ವಿರಾಜಪೇಟೆಯಲ್ಲಿ ಬುಧವಾರ, ಮಡಿಕೇರಿಯಲ್ಲಿ ಶುಕ್ರವಾರ, ಶನಿವಾರಸಂತೆಯಲ್ಲಿ ಹೆಸರೇ ಹೇಳುವಂತೆ ಶನಿವಾರ, ಗೋಣಿಕೊಪ್ಪದಲ್ಲಿ ಭಾನುವಾರ. ತರಕಾರಿ, ಒಣಮೀನು, ಬಟ್ಟೆಗಳ ಅಂಗಡಿಗಳನ್ನು ದಾಟಿ ಮೂಲೆಗೆ ಹೋದರೆ ಗೋಣಿತಾಟಿನ ಮೇಲೆ ಕತ್ತಿ, ಕುಡುಗೋಲು, ಗುದ್ದಲಿಗಳನ್ನು ಹರಡಿಕೊಂಡ ಕಮ್ಮಾರರು ಸಿಗುತ್ತಾರೆ. ಅವುಗಳಲ್ಲಿ ಬಹುಪಾಲು ಹೊಸವು. ಲಾರಿಯ ಕಮಾನುಪಟ್ಟೆಯನ್ನು ಕಾಯಿಸಿ ಬಡಿದು ಮಾಡಿದವು. ಅವು ಕಳಪೆಯಲ್ಲ. ಕಮಾನುಪಟ್ಟೆ ಒಳ್ಳೆಯ ಉಕ್ಕೇ. ಅದನ್ನು ಹದಗೊಳಿಸಬಲ್ಲ ಕೈ ಇದ್ದರೆ ಕಾರ್ಖಾನೆಯ ಕತ್ತಿಗಿಂತ ಹೆಚ್ಚು ಬಾಳುತ್ತದೆ. ಹಳೆಯದನ್ನು ಹುಡುಕಹೋದವರು ಹೊಸದೊಂದನ್ನು ಆ ಕಮ್ಮಾರನಿಂದ ಕೊಂಡುಕೊಳ್ಳುವುದು ಧರ್ಮವೆಂದೇ ನಮ್ಮ ಅಭಿಪ್ರಾಯ. ಆ ಕುಲುಮೆ ಉರಿಯುತ್ತಿದ್ದರೆ ತಾನೇ ಹಳೆಯದನ್ನು ರಿಪೇರಿ ಮಾಡುವವರೂ ಇರುವುದು!

ನಿಜವಾದ ಹಳೆಯ ಹತಾರು ಸಿಗುವುದು ಗುಜರಿ ಅಂಗಡಿಯಲ್ಲಿ. ಅಲ್ಲಿ ಅದಕ್ಕೆ ಹೆಸರಿಲ್ಲ, ತೂಕ ಮಾತ್ರ ಇದೆ. ಮುರಿದ ಬಕೆಟ್ಟು, ಸೈಕಲ್ ಚಕ್ರಗಳ ನಡುವೆ ನಮಗೆ ಒಂದು ಬಾಚಿ ದೊರೆಯಿತು. ಅಂಗಡಿಯವರು ಅದನ್ನು ಕಬ್ಬಿಣದ ದರದಲ್ಲಿಯೇ ತೂಗಿ ಕೊಟ್ಟರು. ತುಕ್ಕನ್ನು ಒರೆಸಿದಾಗ ಅಲಗಿನ ತುದಿಯಲ್ಲಿ ಒಂದು ಬೆರಳಗಲ ಬೇರೆಯೇ ಬಣ್ಣ ಕಂಡಿತು. ಮೈಯೆಲ್ಲ ಮೆದು ಕಬ್ಬಿಣ, ಬಾಯಿಗೆ ಮಾತ್ರ ಉಕ್ಕಿನ ಬೆಸುಗೆ. ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಕಮ್ಮಾರರು ಅನುಸರಿಸುತ್ತಿದ್ದ ಕ್ರಮವಿದು. ಇದರಿಂದ ಹಣವೂ ಉಳಿಯಿತು, ಏಟು ಬಿದ್ದಾಗ ಹತಾರು ಸೀಳದೆಯೂ ಉಳಿಯಿತು.

ಈ ಬಾಚಿಯನ್ನು ಶನಿವಾರಸಂತೆಯ ಕಡೆಯ ಹಳ್ಳಿಯೊಂದರಲ್ಲಿ, ನಾವು ತಂಗಿದ್ದ ಬಂಧುಗಳ ಮನೆಯ ಹಿರಿಯರಿಗೆ ತೋರಿಸಿದೆವು. ಎಂಬತ್ತು ದಾಟಿದ ಅವರು ಅದನ್ನು ಕೈಯಲ್ಲಿ ಹಿಡಿದು ಒಮ್ಮೆ ತೂಗಿ ನೋಡಿದರು. ಹಿಡಿ ಕಾಫಿ ಗಿಡದ ಹಳೆಯ ಕಾಂಡದ್ದು ಎಂದರು. ಅಲಗಿನ ಒಂದು ಮೂಲೆ ಹೆಚ್ಚು ಸವೆದಿರುವುದನ್ನು ಬೆರಳಿಟ್ಟು ತೋರಿಸಿ, ಇದನ್ನು ಬಳಸಿದವನು ಎಡಗೈಯವನು ಎಂದರು. ಅನಂತರ ಅವರೇ ನಮ್ಮನ್ನು ಅಟ್ಟಕ್ಕೆ ಕರೆದುಕೊಂಡು ಹೋದರು. ಹೊಗೆ ಹಿಡಿದ ತೊಲೆಗಳ ಮೇಲೆ ನೊಗ, ಈಸು, ಮೇಳಿ. ಗದ್ದೆ ಸಮಮಾಡುವ ಹಲಗೆ. ಮಳೆಗೆ ತಲೆಯಿಂದ ಬೆನ್ನಿನವರೆಗೆ ಹೊದೆಯುವ ಎಲೆಯ ಗೊರಬು. ಬತ್ತ ಅಳೆಯುವ ಸೇರು. ಅಕ್ಕಿ ಶ್ಯಾವಿಗೆ ಒತ್ತುವ ಮರದ ಒರಳು. ಮೂಲೆಯಲ್ಲಿ ಉಳಿ, ಕೊಡತಿ, ಭೈರಿಗೆ, ಉಜ್ಜುಗೊರಡುಗಳ ಗಂಟು. ಒಂದೊಂದನ್ನೂ ಮುಟ್ಟಿ ಅವರು ಹೆಸರು ಹೇಳುತ್ತ ಹೋದರು. ನೇಗಿಲಿನ ಯಾವ ಭಾಗಕ್ಕೆ ಯಾವ ಮರವನ್ನು ಆರಿಸುತ್ತಿದ್ದರು, ಕುಳವನ್ನು ವರ್ಷದಲ್ಲಿ ಎಷ್ಟು ಸಲ ಕಾಯಿಸಿ ಬಡಿಸುತ್ತಿದ್ದರು, ಕಮ್ಮಾರನಿಗೆ ಕೂಲಿಯೆಂದು ಸುಗ್ಗಿಯಲ್ಲಿ ಬತ್ತವನ್ನು ಹೇಗೆ ಕೊಡುತ್ತಿದ್ದರು ಎಂಬುದೆಲ್ಲವೂ ಬಂದಿತು.

ಜೊತೆಯಲ್ಲಿದ್ದ ಅವರ ಮಗನಿಗೆ ಈ ಹೆಸರುಗಳಲ್ಲಿ ಅರ್ಧದಷ್ಟು ಗೊತ್ತಿತ್ತು. ಮೊಮ್ಮಗನಿಗೆ ನೊಗವೊಂದನ್ನು ಬಿಟ್ಟು ಬೇರೆ ಗೊತ್ತಿರಲಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಗದ್ದೆಗೆ ಪವರ್ ಟಿಲ್ಲರ್ ಬಂದಿದೆ, ಮರ ಕಡಿಯಲು ಯಂತ್ರದ ಗರಗಸ ಬಂದಿದೆ. ಹಲವು ಗದ್ದೆಗಳು ಪಾಳು ಬಿದ್ದಿವೆ ಅಥವಾ ತೋಟಗಳಾಗಿವೆ. ಬೆನ್ನು ಮುರಿಯುವ ದುಡಿಮೆಯಿಂದ ಬಿಡುಗಡೆ ದೊರೆತದ್ದಕ್ಕೆ ಯಾರೂ ದುಃಖಿಸಬೇಕಾಗಿಲ್ಲ. ಆದರೆ ಮೂರೇ ತಲೆಮಾರಿನಲ್ಲಿ ನೂರಾರು ಶಬ್ದಗಳು, ಅವುಗಳ ಹಿಂದಿನ ತಿಳಿವಳಿಕೆ ಹೇಗೆ ಕರಗುತ್ತದೆಂಬುದನ್ನು ಆ ಅಟ್ಟದ ಮೇಲೆ ನಾವು ಕಣ್ಣಾರೆ ಕಂಡೆವು. ಹತಾರು ಇನ್ನೂ ನೂರು ವರ್ಷ ಉಳಿಯಬಲ್ಲದು. ಅದರ ಹೆಸರು ಮಾತ್ರ ಒಬ್ಬ ಹಿರಿಯರ ಆಯುಷ್ಯದಷ್ಟೇ. ಹೆಸರು ಹೋದ ಮೇಲೆ ಅದು ತೂಕಕ್ಕೆ ಹೋಗುವ ಕಬ್ಬಿಣವಲ್ಲದೆ ಮತ್ತೇನೂ ಅಲ್ಲ.

ಕೊಡಗಿಗೆ ಈ ಮಾತು ಮತ್ತಷ್ಟು ಕಠಿಣವಾಗಿ ಅನ್ವಯಿಸುತ್ತದೆ. ೨೦೧೮ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಮಡಿಕೇರಿಯ ಸುತ್ತಣ ಗುಡ್ಡಗಳು ಕುಸಿದು ಮನೆಗಳೇ ಮಣ್ಣಿನಡಿಯಾದವು. ೨೦೨೦ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟವೂ ಕುಸಿಯಿತು. ಜೀವಗಳೇ ಹೋದ ಕಡೆ ವಸ್ತುಗಳ ಮಾತು ಆಡಬಾರದು, ನಿಜ. ಆದರೂ ತಲೆಮಾರುಗಳಿಂದ ಅಟ್ಟದಲ್ಲಿದ್ದದ್ದು ಒಂದೇ ರಾತ್ರಿಯಲ್ಲಿ ಗುರುತು ಸಿಗದಂತಾದ ಮನೆಗಳ ಸಂಕಟ ಬದುಕುಳಿದವರಿಗೇ ಗೊತ್ತು. ಒಂದು ಪುಸ್ತಕದಲ್ಲಿ ಪಟ್ಟಿಯಿದ್ದರೆ, ನಾಲ್ಕು ಚಿತ್ರಗಳಿದ್ದರೆ, ಅಷ್ಟಾದರೂ ಉಳಿಯುತ್ತದೆ.

ಮನೆಯವರಿಗೆ ಕೆಲವು ಸೂಚನೆಗಳು

ಮನೆಯಲ್ಲಿ ಹಳೆಯ ಹತಾರುಗಳಿರುವವರೂ ಪ್ರವಾಸದಲ್ಲಿ ಅವನ್ನು ಕಂಡು ಕೊಳ್ಳಬಯಸುವವರೂ ಕೆಲವು ವಿಷಯಗಳನ್ನು ಗಮನದಲ್ಲಿಡಬೇಕು. ಮೊದಲನೆಯದು ಗುರುತಿಸುವ ಬಗೆ. ಕೈಯಿಂದ ಬಡಿದ ಹತಾರಿನಲ್ಲಿ ಸುತ್ತಿಗೆಯ ಏಟಿನ ಸಣ್ಣ ತಗ್ಗುಗಳಿರುತ್ತವೆ. ಹಿಡಿ ಹಾಕುವ ಕಣ್ಣು ಪೂರ್ತಿ ದುಂಡಾಗಿರುವುದಿಲ್ಲ. ಬಾಯಿಯ ಬಳಿ ಉಕ್ಕಿನ ಬೆಸುಗೆಯ ಗೆರೆ ಕಂಡರೆ ಅದು ಹಳೆಯ ಕ್ರಮದ ಕೆಲಸ. ಕಾರ್ಖಾನೆಯದಾದರೆ ಮುದ್ರೆ ಇರುತ್ತದೆ. ತುಕ್ಕಿನಡಿಯಲ್ಲಿ ಅಡಗಿದ್ದರೂ ಓರೆ ಬೆಳಕಿನಲ್ಲಿ ಹಿಡಿದರೆ ಓದಬಹುದು.

ಎರಡನೆಯದು ಶುಚಿ ಮಾಡುವ ಬಗೆ. ಗ್ರೈಂಡರಿಗೆ ಕೊಟ್ಟು ಫಳಫಳ ಹೊಳೆಯಿಸಿದರೆ ಹತಾರಿನ ಚರಿತ್ರೆಯೇ ಅಳಿಸಿಹೋಗುತ್ತದೆ. ಒಣ ಬಟ್ಟೆ, ತೆಂಗಿನ ನಾರು, ಅಗತ್ಯವಿದ್ದರೆ ಮೆತ್ತನೆಯ ತಂತಿಬ್ರಷ್ಷು ಸಾಕು. ತುಕ್ಕು ಗಟ್ಟಿಯಾಗಿದ್ದರೆ ಹುಣಸೆಯ ನೀರಿನಲ್ಲಿ ಕೆಲವು ಗಂಟೆ ನೆನೆಸಿ, ಚೆನ್ನಾಗಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಹಚ್ಚಬೇಕು. ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಡಿಕೇರಿಯಂಥ ಕಡೆ ಹಿರಿಯರು ಹತಾರುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದುದು ಸುಮ್ಮನೆ ಅಲ್ಲ. ಹೊಗೆ ಮರವನ್ನು ಹುಳುವಿನಿಂದ, ಶಾಖ ಕಬ್ಬಿಣವನ್ನು ತೇವದಿಂದ ಕಾಪಾಡುತ್ತಿತ್ತು. ಈಗ ಹೊಗೆಯ ಒಲೆಗಳಿಲ್ಲದ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಒಮ್ಮೆ, ಅನಂತರ ಒಮ್ಮೆ ಎಣ್ಣೆ ಸವರುವುದು ಅವಶ್ಯ.

ಮೂರನೆಯದು ಕಾನೂನು. ೧೯೭೨ರ ಪ್ರಾಚ್ಯವಸ್ತು ಅಧಿನಿಯಮದ ಪ್ರಕಾರ ನೂರು ವರ್ಷ ಮೀರಿದ ಕರಕುಶಲ ವಸ್ತುಗಳು ಪ್ರಾಚ್ಯವಸ್ತುಗಳೆನಿಸುತ್ತವೆ. ಅವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಹೊರದೇಶದ ಮಕ್ಕಳ ಮನೆಗೆ ಅಂದಕ್ಕಾಗಿ ಕಳುಹಿಸಬೇಕೆನ್ನುವವರು ಇದನ್ನು ನೆನಪಿಡಬೇಕು. ಒಡಿಕತ್ತಿ, ಪೀಚೆಕತ್ತಿಗಳು ಆಯುಧಗಳು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ ೨೦೧೯ರಲ್ಲಿ, ೨೦೨೯ರವರೆಗೆ ಮುಂದುವರಿಸಿತು. ಆ ವಿನಾಯಿತಿ ಅವರಿಗೇ ಹೊರತು ಪ್ರವಾಸಿಗರಿಗಲ್ಲ. ಅಲ್ಲದೆ, ಒಂದು ಒಕ್ಕದ ಕತ್ತಿ ಆ ಮನೆತನದ ಮಾನ. ಹಣ ತೋರಿಸಿ ಅದನ್ನು ಕೇಳುವುದು ಸಭ್ಯತೆಯಲ್ಲ. ಐನ್‌ಮನೆಗಳೂ ವಾಸದ ಮನೆಗಳೇ. ಅನುಮತಿ ಪಡೆದು, ಪಾದರಕ್ಷೆ ಕಳಚಿ ಒಳಗೆ ಹೋಗಿ, ನೋಡಿ, ಕೇಳಿ, ನಮಸ್ಕರಿಸಿ ಬರಬೇಕು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಬರೆದಿಡುವುದು. ಹತಾರಿನ ಹೆಸರು, ಅದರ ಭಾಗಗಳ ಹೆಸರು, ಯಾವ ಕೆಲಸಕ್ಕೆ, ಯಾವ ತಿಂಗಳಲ್ಲಿ, ಯಾರು ಮಾಡಿದ್ದು, ಯಾರು ಬಳಸಿದ್ದು ಎಂಬಷ್ಟನ್ನು ಒಂದು ನೋಟುಪುಸ್ತಕದಲ್ಲಿ ಬರೆದು, ಚಿತ್ರ ತೆಗೆದು, ಹತಾರಿಗೊಂದು ಚೀಟಿ ಕಟ್ಟಿದರೆ ಸಾಕು. ಈ ಕೆಲಸಕ್ಕೆ ವಿದ್ವತ್ತು ಬೇಡ. ಕೊಡಗಿನಲ್ಲಿಯೇ ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಸುತ್ತಿ ಸಂಗ್ರಹಿಸಿದ ಜನಪದ ಹಾಡುಗಳು ೧೯೨೪ರಲ್ಲಿ 'ಪಟ್ಟೋಲೆ ಪಳಮೆ' ಎಂಬ ಗ್ರಂಥವಾಗಿ ಹೊರಬಂದುದರಿಂದಲೇ ಒಂದು ಜನಾಂಗದ ನೆನಪು ಉಳಿದಿದೆ. ಹಾಡುಗಳಿಗೆ ಆದದ್ದು ಹತಾರುಗಳಿಗೂ ಆಗಬೇಕು.

ಇಡಲು ಜಾಗವಿಲ್ಲದವರು ಗುಜರಿಯ ಬದಲು ಸಂಗ್ರಹಾಲಯಗಳನ್ನು ಕೇಳಬಹುದು. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಧರ್ಮಸ್ಥಳದ ಮಂಜೂಷಾ ಇವೆಲ್ಲ ನೇಗಿಲು ನೊಗಗಳಿಗೂ ಮನೆಬಳಕೆಯ ವಸ್ತುಗಳಿಗೂ ಸ್ಥಾನ ಕೊಟ್ಟಿವೆ. ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ಗ್ರಾಮಜೀವನಕ್ಕೇ ಮೀಸಲಾದ ಸಂಗ್ರಹಾಲಯವೊಂದು ೧೯೫೧ರಿಂದ ಇದೆ. ಹಳ್ಳಿಯ ಬಂಡಿ, ನೇಗಿಲು, ಬುಟ್ಟಿಗಳನ್ನು ಅಲ್ಲಿ ಪಟ್ಟಿಮಾಡಿ ಕಾಪಾಡಿದ್ದಾರೆ. ಶೆಫೀಲ್ಡಿನಲ್ಲಿ ಒಬ್ಬರೇ ವ್ಯಕ್ತಿ ಕೂಡಿಹಾಕಿದ ಹಳೆಯ ಹತಾರುಗಳು ಊರಿನ ಹೆಮ್ಮೆಯ ಸಂಗ್ರಹವಾಗಿವೆ. ನಮ್ಮ ಮಠಗಳಲ್ಲಿಯೂ ವಿದ್ಯಾಸಂಸ್ಥೆಗಳಲ್ಲಿಯೂ ಒಂದು ಕೊಠಡಿಯನ್ನು ಕಾಯಕದ ಹತಾರುಗಳಿಗೆಂದು ತೆಗೆದಿಟ್ಟರೆ, ಅದಕ್ಕೆ ಭಕ್ತರೇ ಮನೆಮನೆಯಿಂದ ತಂದು ತುಂಬುವರೆಂಬುದರಲ್ಲಿ ನಮಗೆ ಸಂಶಯವಿಲ್ಲ. ಕಾಯಕ ಶರಣರ ಜಯಂತಿಯಂದು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಒಂದೊಂದನ್ನೂ ಮುಟ್ಟಿಸಿ ತೋರಿಸಿದರೆ ಉಪನ್ಯಾಸಕ್ಕಿಂತ ಹೆಚ್ಚಿನ ಪ್ರಯೋಜನವಾದೀತು.

ಆದುದರಿಂದ ಕೊಡಗಿಗೆ ಹೋಗುವ ಬಂಧುಗಳು ರಾಜಾಸೀಟಿನ ಸೂರ್ಯಾಸ್ತವನ್ನೂ ಅಬ್ಬಿಯ ಜಲಪಾತವನ್ನೂ ತಲಕಾವೇರಿಯನ್ನೂ ನೋಡಲಿ. ಗದ್ದಿಗೆಗಳಿಗೆ ತಪ್ಪದೆ ನಮಸ್ಕರಿಸಲಿ. ಅರ್ಧ ದಿನವನ್ನು ಒಂದು ಸಂತೆಗೂ ಒಂದು ಕುಲುಮೆಗೂ ಉಳಿಸಿಕೊಳ್ಳಲಿ. ಪ್ರವಾಸ ಮುಗಿಸಿ ಬಂದ ಮೇಲೆ ತಮ್ಮದೇ ಮನೆಯ ಅಟ್ಟವನ್ನು ಹತ್ತಲಿ. ರಂಟೆ, ಕುಂಟೆ, ಕೂರಿಗೆಗಳಾಗಲಿ, ಅಜ್ಜಿಯ ಈಳಿಗೆಯಾಗಲಿ, ಒನಕೆಯಾಗಲಿ, ಅಲ್ಲಿ ಏನಾದರೊಂದು ಇದ್ದೇ ಇರುತ್ತದೆ. ಬರುವ ಆಯುಧಪೂಜೆಗೆ ಅವನ್ನು ಕೆಳಗಿಳಿಸಿ ಒರೆಸಿ ಇಡುವಾಗ, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಕ್ಕಳ ಕೈಗೆ ಲೇಖನಿಯನ್ನು ಕೊಟ್ಟು, ಒಂದೊಂದರ ಹೆಸರನ್ನೂ ಕೇಳಿ ಬರೆಸಿ. ಹೆಸರು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.